ಕಪ್ಪೆಗೆ ಜೋಡಿ ಹುಡುಕಿದ್ದು

ಆದೋನಿಯ ಹತ್ತಿ ಮಿಲ್ಲಿನಲ್ಲಿ ನಾನು ಮೂಟೆ ಹೊರುತ್ತೇನೆ. ನನ್ನ ಹೆಂಡತಿ ತೀರಿಕೊಂಡಾಗಿನಿಂದ ನಮ್ಮ ಸಾವ್ಕಾರರಿಗೆ ಒಂದೇ ಚಿಂತೆ, ನನಗೆ ಇನ್ನೊಂದು ಮದುವೆ ಮಾಡಬೇಕು. "ಆಕಿ ಜಾಗದಾಗ ಯಾರೂ ಬ್ಯಾಡ್ರಿ" ಅಂದರೆ ಕೇಳುವುದಿಲ್ಲ.

ಅವರ ಮನೆಯ ಗಾಜಿನ ತೊಟ್ಟಿಯಲ್ಲಿ ಹೆಬ್ಬೆರಳಷ್ಟು ಫಾರಿನ್ ಕಪ್ಪೆ ಇತ್ತು. ಒಂದಿನ ಕರೆದು ತೋರಿಸಿದರು.

"ನಿನ್ನಂಗ ಸಪ್ಪಗ ಕುಂತೈತಿ ನೋಡು. ಹಳ್ಳದಾಗಿಂದ ಇದಕ್ಕೊಂದು ಜೋಡಿ ಹಿಡಕೊಂಡು ಬಾ."

ಅಂಗೈಯಗಲದ ಕಪ್ಪೆ ಸಿಕ್ಕಿತು, ಹಿಡಿದುಕೊಂಡು ಬಂದೆ. "ಇದರ ಜಾತಿ ಬ್ಯಾರೆ ಐತ್ರಿ, ಒಂದರಾಗ ಬಿಡಬ್ಯಾಡ್ರಿ" ಅಂದೆ.

"ಕಪ್ಪಿಗೆ ಎಂಥಾ ಜಾತಿ ಲೇ? ಕೂಡಿಟ್ರ ಹೊಂದಿಕೋತಾವ."

ಮಳೆಗಾಗಿ ಕಪ್ಪೆ ಮದುವೆ ಮಾಡುತ್ತೇವಲ್ಲ, ಹಾಗೆ ಸಾವ್ಕಾರರ ಹೆಂಡತಿ ಅಮ್ಮಾರು ಎರಡಕ್ಕೂ ಅರಿಶಿನ ಹಚ್ಚಿ, ಅಕ್ಕಿಕಾಳು ಹಾಕಿ ತೊಟ್ಟಿಗೆ ಬಿಟ್ಟರು. ನನಗೊಂದು ಲಡ್ಡು ಕೊಟ್ಟರು.

"ಮುಂದಿನ ಲಗ್ನ ನಿಂದೇ. ಕೌತಾಳದಾಗ ಹೆಣ್ಣು ನೋಡೀನಿ" ಅಂದರು ಸಾವ್ಕಾರರು.

ಮರುದಿನ ತೊಟ್ಟಿಯಲ್ಲಿ ದೊಡ್ಡ ಕಪ್ಪೆಯೊಂದೇ ಅರಿಶಿನ ಹಚ್ಚಿಕೊಂಡು, ಹೊಟ್ಟೆ ಊದಿಸಿಕೊಂಡು ಕೂತಿತ್ತು. ಸಾವ್ಕಾರರು ತೊಟ್ಟಿಯ ಮೂಲೆ ಮೂಲೆಯಲ್ಲೂ ಸಣ್ಣ ಕಪ್ಪೆಯನ್ನು ಹುಡುಕಿದರು.

"ಹೊಂದಿಕೊಂಡಾವಲ್ರಿ" ಅಂದೆ.

ಅವರು ಕೌತಾಳದ ಮಾತು ಮತ್ತೆ ಎತ್ತಿಲ್ಲ. ಆ ಕಪ್ಪೆಯನ್ನು ನಾನೇ ಹಳ್ಳಕ್ಕೆ ಬಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಮುಗಿದು ಬಂದೆ.