ಹಿನ್ನೀರಿನ ಕಡೆಯ ಕರೆ

ಬೇಸಿಗೆಯಲ್ಲಿ ಹಂಪಸಾಗರದ ಹಿನ್ನೀರು ಹಿಂದೆ ಸರಿದಾಗ, ಅಣೆಕಟ್ಟು ಕಟ್ಟಿದ ಕಾಲಕ್ಕೆ ಮುಳುಗಿದ ಮನೆಗಳ ಪಾಯಗಳು ಮೇಲೆ ಬರುತ್ತವೆ. ಗೋಡೆ ಇಲ್ಲ, ಮಾಳಿಗೆ ಇಲ್ಲ. ಅಲ್ಲಲ್ಲಿ ಕಲ್ಲಿನ ಹೊಸ್ತಿಲು ಮಾತ್ರ ಉಳಿದಿರುತ್ತದೆ. ಹುಡುಗರ ಬೇಸಿಗೆ ಶಿಬಿರಕ್ಕೆ ಇದಕ್ಕಿಂತ ಒಳ್ಳೆಯ ಬಯಲು ಸಿಗದು ಎಂದು ತೀರ್ಮಾನಿಸಿದವನು ನಾನೇ. ಡ್ರಿಲ್ ಮಾಸ್ತರನಿಗೆ ಬಯಲು ಕಂಡರೆ ಕಾಲು ನಿಲ್ಲುವುದಿಲ್ಲ.

ಹುಡುಗರು ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯವರು. ಮಲಗುವುದು ಊರಿನ ಶಾಲೆಯಲ್ಲಿ. ಬೆಳಿಗ್ಗೆ ಓಟ, ಖೊಖೊ, ಹಗ್ಗಜಗ್ಗಾಟ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ. ಎಲ್ಲ ಚೆನ್ನಾಗಿಯೇ ನಡೆದಿತ್ತು, ಒಂದು ಬಿಟ್ಟು. ಆ ಬಯಲಿಗೆ ಇಳಿದರೆ ಸಾಕು, ಹೆಸರು ಹಿಡಿದು ಕರೆದರೆ ಒಬ್ಬನೂ ಓಗೊಡುತ್ತಿರಲಿಲ್ಲ. ಎರಡನೆಯ ಸಲಕ್ಕೂ ಕಲ್ಲಿನ ಹಾಗೆ ನಿಂತಿರುತ್ತಿದ್ದರು. ಮೂರನೆಯ ಸಲಕ್ಕೆ "ಓ" ಎನ್ನುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು.

ಕೂಡ್ಲಿಗಿ ಕಡೆಯ ಸಣ್ಣಗಿನ ಹುಡುಗನೊಬ್ಬ ಕಾರಣ ಹೇಳಿದ.

"ನೀರಿನ ದಂಡಿಗೆ ಒಂದ ಸಲ ಕರದ್ರ ಓ ಅನಬಾರ್ದಂತ್ರಿ ಸರ. ಮನುಷ್ಯಾರಾದ್ರ ಮೂರು ಸಲ ಕರೀತಾರಂತ. ನಮ್ಮಜ್ಜಿ ಹೇಳ್ಯಾಳ."

ಆ ಮಾತು ನನಗೇನೂ ಹೊಸದಲ್ಲ. ನನ್ನಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಆದರೆ ಶಿಸ್ತು ಎಂದರೆ ಶಿಸ್ತು.

"ನಿಮ್ಮಜ್ಜಿ ಮನ್ಯಾಗ ಅದಾಳಲೇ. ಇಲ್ಲಿ ನಾನು ಕರದ್ರ ಒಂದ ಸಲಕ್ಕ ಓ ಅಂದು ಓಡಿ ಬರಬೇಕು," ಎಂದೆ. ಉಳಿದವರು ನಕ್ಕರು. ಅವನು ನಗದೆ ತಲೆಯಾಡಿಸಿದ.

ಮರುದಿನ ಪಾಯಗಳ ನಡುವೆ ಬಣ್ಣದ ಬಟ್ಟೆಗಳನ್ನು ಬಚ್ಚಿಟ್ಟು ಹುಡುಕುವ ಆಟ ಇಟ್ಟಿದ್ದೆ. ನೀರಿನ ಕಡೆ ಸುಣ್ಣದ ಗೆರೆ ಎಳೆದು, ದಾಟಬೇಡಿ ಎಂದು ಹೇಳಿದ್ದೆ. ಗೆರೆಯಾಚೆ ಮೇಲೆ ಒಣಗಿ ಬಿರಿದ ಮಣ್ಣು, ಕೆಳಗೆ ಹಸಿ ಹೂಳು. ಕಾಲಿಟ್ಟರೆ ಇಳಿಯುತ್ತಲೇ ಹೋಗಬೇಕು.

ಹುಡುಗರು ಹುಡುಕುತ್ತಿದ್ದ ರೀತಿಯೇ ವಿಚಿತ್ರವಾಗಿತ್ತು. ಗೋಡೆಯೇ ಇಲ್ಲದ ಮನೆಗಳಿಗೆ ಅವರು ಹೊಸ್ತಿಲು ದಾಟಿಯೇ ಒಳಗೆ ಹೋಗುತ್ತಿದ್ದರು, ಹೊಸ್ತಿಲು ದಾಟಿಯೇ ಹೊರಗೆ ಬರುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಗದ್ದಲವೂ ಇರಲಿಲ್ಲ.

ಬಿಸಿಲೇರಿ ಬಯಲ ತುಂಬ ಬಿಸಿಲ್ಗುದುರೆ ಕುಣಿಯತೊಡಗಿದಾಗ ಸೀಟಿ ಊದಿದೆ. ಎಲ್ಲರೂ ಬಂದರು, ಕೂಡ್ಲಿಗಿಯ ಹುಡುಗ ಬರಲಿಲ್ಲ.

ಒಂದೊಂದು ಪಾಯದ ಹತ್ತಿರ ನಿಂತು ಅವನ ಹೆಸರು ಕೂಗುತ್ತ ಹೋದೆ. ಒಂದು ಕಡೆ ಕೂಗುವುದು, ಕಿವಿಗೊಡುವುದು, ಮುಂದಿನ ಕಡೆಗೆ ಓಡುವುದು. ಉತ್ತರವಿಲ್ಲ. ದೂರದಲ್ಲಿ ಮೇಯುತ್ತಿದ್ದ ಕುರಿಗಳೂ ತಲೆಯೆತ್ತಿ ನೀರಿನ ಕಡೆಗೇ ನೋಡುತ್ತಿದ್ದವು. ನನಗೆ ಭಯವಾಯಿತು. ಅವನನ್ನು ಬಿಟ್ಟುಹೋಗಲು ಬಂದಿದ್ದ ಅವನ ತಾಯಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು.

ಆಗ ಹೊಳೆಯಿತು. ನಾನು ಎಲ್ಲಿಯೂ ಒಂದಕ್ಕಿಂತ ಹೆಚ್ಚು ಸಲ ಕೂಗಿರಲಿಲ್ಲ. ಓಟ ನಿಲ್ಲಿಸಿ, ಸುಣ್ಣದ ಗೆರೆಯ ಮೇಲೆ ನಿಂತಲ್ಲೇ ನಿಂತು ಮೂರು ಸಲ ಅವನ ಹೆಸರು ಕರೆದೆ.

"ಓ."

ದನಿ ತೀರ ಹತ್ತಿರದಿಂದ ಬಂತು. ಗೆರೆಯಾಚೆ, ಬಳ್ಳಾರಿ ಜಾಲಿಯ ಪೊದೆಯ ಹಿಂದೆ, ಸೊಂಟದವರೆಗೆ ಹೂಳಿನಲ್ಲಿ ಇಳಿದುಹೋಗಿದ್ದ. ಅತ್ತಿರಲಿಲ್ಲ. ನೀರಿನ ಕಡೆಗೆ ಮುಖ ಮಾಡಿ ನೋಡುತ್ತಲೇ ಇದ್ದ.

ಹಗ್ಗಜಗ್ಗಾಟದ ಹಗ್ಗ ತರಿಸಿ ಎಸೆದು, ಕಂಕುಳ ಕೆಳಗೆ ಸುತ್ತಿಕೊಳ್ಳಲು ಹೇಳಿದೆ. ಹುಡುಗರೆಲ್ಲ ಸಾಲಾಗಿ ನಿಂತು ಜಗ್ಗಿದರು. ಹೂಳು ಅವನನ್ನು ಬಿಡಲೊಲ್ಲದೆ ಬಿಟ್ಟಿತು. ಎದೆಗವಚಿಕೊಂಡು ನಾನೇ ಅತ್ತೆ, ಹುಡುಗರ ಮುಂದೆಯೇ.

ಶಾಲೆಯ ನಲ್ಲಿಯ ಕೆಳಗೆ ಕೂರಿಸಿ ಅವನ ಕಾಲು ತೊಳೆಯುತ್ತಾ, ಗೆರೆ ಯಾಕೆ ದಾಟಿದೆ ಎಂದು ಕೇಳಿದೆ.

"ನೀವ ಕರದ್ರಲ್ರಿ ಸರ, ನೀರಿನ ಕಡಿಂದ. ಒಂದ ಸಲ. ಓ ಅಂದು ಓಡಿದೆ. ಕೆಸರಾಗ ಸಿಕ್ಕಾಕ್ಕೊಂಡ ಮ್ಯಾಲೆ ಹಿಂದಿಂದನೂ ನಿಮ್ಮ ದನಿ ಬಂತು. ಯಾವ್ದು ಖರೆ ತಿಳೀಲಿಲ್ಲ. ಅದಕ್ಕ ಒಂದ ಕಡಿಂದ ಮೂರು ಸಲ ಕರಿಯೋತನಕ ಕಾಯ್ದೆ."

ಅಂದು ನಾನು ಆ ಗೆರೆ ದಾಟಿರಲೇ ಇಲ್ಲ. ಬಿಸಿಲಿನ ಬಯಲು, ದನಿ ಎತ್ತಲಿಂದ ಎತ್ತಲೋ ಕೇಳಿಸಿರಬಹುದು ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹುಡುಗ ಮಾತ್ರ ರಾತ್ರಿ ನೆಮ್ಮದಿಯಾಗಿ ಮಲಗಬೇಕಿತ್ತು.

"ಎರಡೂ ಕಡಿಂದ ನಾನ ಕರದಿದ್ದಪಾ. ಹೆದರಬ್ಯಾಡ," ಎಂದೆ.

ಅವನು ತಲೆಯೆತ್ತಿ ನನ್ನ ಮುಖ ನೋಡಿದ.

"ಹಂಗಾದ್ರ ಸರ, ನಾನು ಕೆಸರಾಗ ಇಳಿಯಾಕತ್ತಾಗ ಮುಂದ ನಿಂತು ಸುಮ್ನ ಯಾಕ ನೋಡಿದ್ರಿ?"

ಅದು ನಾನಲ್ಲ ಎನ್ನಬೇಕಿತ್ತು. ಎಂದಿದ್ದರೆ, ಮತ್ಯಾರು ಎಂದು ಕೇಳುತ್ತಿದ್ದ. ತಲೆ ತಗ್ಗಿಸಿ ಅವನ ಕಾಲಿನ ಕೆಸರು ಉಜ್ಜುತ್ತಲೇ ಇದ್ದೆ. ಅವನು ನನ್ನ ಕೈಯಿಂದ ಮೆಲ್ಲಗೆ ಕಾಲು ಬಿಡಿಸಿಕೊಂಡು, ತಾನೇ ತೊಳೆದುಕೊಳ್ಳತೊಡಗಿದ.