ಹನ್ನೆರಡನೇ ರೂಮಿನಿಂದ ಬಂದ ದನಿ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನಿಮ್ಮನ್ನ ಹೆದರಿಸಿದ್ರೆ ನನಗೇನೂ ಸಂಬಳ ಜಾಸ್ತಿ ಆಗಲ್ಲ. ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ನರ್ಸ್. ಅವತ್ತು ಕತ್ತಲಾದ ಮೇಲೆ ನನ್ನ ಕಿವಿಯಾರೆ ಕೇಳಿದ್ದನ್ನ ಹೇಳ್ತಿದೀನಿ, ಅಷ್ಟೇ.

ಇನ್‌ಸ್ಪೆಕ್ಷನ್ ಬರೋದಿತ್ತು. ಹಾಗಾಗಿ ನಮ್ಮ ಮ್ಯಾನೇಜರಿಗೆ ಇದ್ದಕ್ಕಿದ್ದ ಹಾಗೆ ರೋಗಿಗಳ ಸುರಕ್ಷತೆ ನೆನಪಾಯ್ತು! ಬೇಸ್‌ಮೆಂಟಿನಲ್ಲಿ ಟ್ರೈನಿಂಗ್. ಎದೆಬಡಿತ ನಿಂತವರನ್ನ ಬದುಕಿಸೋದು ಹೇಗೆ ಅಂತ. ಹೊರಗಿಂದ ಬಂದ ಡಾಕ್ಟರಮ್ಮ ಒಬ್ಬರು ರಬ್ಬರ್ ಬೊಂಬೆ ಮಲಗಿಸಿ ಗಂಟಲು ಹರ್ಕೊಂಡು ಹೇಳ್ತಿದ್ರು. ಕೇಳೋರ್ಯಾರು? ನಮ್ಮ ದೊಡ್ಡ ಡಾಕ್ಟರುಗಳು ಸಮೋಸ ತಿಂತಾ ಮೊಬೈಲ್ ತೀಡ್ತಿದ್ರು. ಮ್ಯಾನೇಜರ್ ಬೊಂಬೆ ಎದೆ ಮೇಲೆ ಕೈಯಿಟ್ಟು ಫೋಟೋಗೆ ಹಲ್ಲು ಕಿರಿದ. ಒಂದು ಸಲಾನೂ ಒತ್ತಲಿಲ್ಲ. ಇಂಥವನ ಕೈಲಿ ಆಸ್ಪತ್ರೆ!

"ಜೋರಾಗಿ ಒತ್ತಿ ಸಾರ್," ಅಂದ್ರು ಡಾಕ್ಟರಮ್ಮ.

"ಶರ್ಟ್ ಸುಕ್ಕಾಗುತ್ತೆ ಮೇಡಂ."

ಎಲ್ಲರೂ ಗೊಳ್ಳಂತ ನಕ್ಕರು.

ಆ ನಗುವಿನ ಮಧ್ಯೆ... ಗೋಡೆ ಮೇಲಿನ ಸ್ಪೀಕರ್ ಗರಗರ ಅಂತು. ಸುಟ್ಟ ವೈರಿನ ವಾಸನೆ...

"ಹನ್ನೆರಡನೇ ರೂಮಿಗೆ ಬರ್ರಿ... ಲಗೂ ಬರ್ರಿ... ಉಸರು ನಿಂತೈತಿ..."

ಗಂಡಸಿನ ದನಿ. ನೀರೊಳಗಿಂದ ಮಾತಾಡಿದ ಹಾಗೆ.

"ಸೂಪರ್ ಮೇಡಂ! ಹುಬ್ಬಳ್ಳಿಯಿಂದ ಆ್ಯಕ್ಟರನ್ನೂ ಕರೆಸಿದೀರಾ?" ಮ್ಯಾನೇಜರ್ ಚಪ್ಪಾಳೆ ತಟ್ಟಿದ.

ಡಾಕ್ಟರಮ್ಮನ ಮುಖ ಬಿಳಿಚ್ಕೊಂಡಿತ್ತು. "ನಾನಲ್ಲ... ನೀವೇ ಮಾಡಿಸಿದ್ದು ಅಂದ್ಕೊಂಡೆ."

ನಾನು ಓಡಿದೆ. ಹಿಂದೆ ಡಾಕ್ಟರಮ್ಮ. ಮೂರನೇ ಮಹಡಿ, ಬಾಗಿಲು ಮುಚ್ಚಿತ್ತು. ಒಳಗಿದ್ದವನು ಬಸವರಾಜ, ಗದಗದ ಕಡೆಯವನು. ಊಟದ ಡೆಲಿವರಿ ಮಾಡ್ತಿದ್ದವನು ಮಾಗಡಿ ರೋಡಲ್ಲಿ ಬೈಕ್ ಜಾರಿ ಕಾಲು ಮುರ್ಕೊಂಡು ಬೆಳಗ್ಗೆ ಸೇರಿದ್ದ. ಅವನ ಅಣ್ಣ ಊಟಕ್ಕೆ ಹೋಗಿದ್ದ. ಕರೆಗಂಟೆಯ ಸ್ವಿಚ್ ನೆಲಕ್ಕೆ ಬಿದ್ದಿತ್ತು. ತುಟಿ ನೀಲಿ. ಕತ್ತಿಗೆ ಬೆರಳಿಟ್ಟೆ... ನಾಡಿ ಇಲ್ಲ.

ಎದೆ ಒತ್ತೋಕೆ ಶುರುಮಾಡಿದೆ. ಡಾಕ್ಟರಮ್ಮ ಶಾಕ್ ಕೊಡೋ ಮೆಷಿನ್ ಎಳ್ಕೊಂಡು ಬಂದ್ರು. ಅಷ್ಟರಲ್ಲಿ ಬಾಗಿಲಲ್ಲಿ ಮೊಬೈಲ್ ಹಿಡಿದು ಮ್ಯಾನೇಜರ್.

"ಸಿಸ್ಟರ್, ಸ್ವಲ್ಪ ಈ ಕಡೆ ತಿರುಗಿ. ಮುಖ ಕಾಣ್ತಿಲ್ಲ."

ಅವನಿಗೆ ಇನ್ನೂ ಅದು ನಾಟಕ!

"ಬಾಯಿ ಮುಚ್ರೀ!" ಅಂತ ಡಾಕ್ಟರಮ್ಮ ಕಿರುಚಿದ್ರು.

ಎರಡನೇ ಶಾಕಿಗೆ ಬಡಿತ ವಾಪಸ್ ಬಂತು. ಉಸಿರಾಟಕ್ಕೆ ಗಂಟಲಿಗೆ ಟ್ಯೂಬ್ ಹಾಕಿದ್ರು. ಕೆಳಗಿಳಿದು ರಿಸೆಪ್ಷನ್ ಹುಡುಗೀನ ಕೇಳಿದೆ, "ಅನೌನ್ಸ್ ಮಾಡಿದ್ದು ಯಾರೇ?"

"ಯಾವ ಅನೌನ್ಸು ಅಕ್ಕಾ? ಪೇಂಟಿಂಗ್‌ನೋರು ಸ್ಪೀಕರ್ ವೈರೆಲ್ಲಾ ಕಿತ್ತಾಕಿದಾರಲ್ಲ..."

ಬೇಸ್‌ಮೆಂಟಿಗೆ ಹೋಗಿ ನೋಡಿದೆ. ಕಿತ್ತ ವೈರು ಸುರುಳಿ ಸುತ್ತಿ ಮೂಲೇಲಿ ಬಿದ್ದಿತ್ತು.

ಮ್ಯಾನೇಜರ್ ಆ ವಿಡಿಯೋನ ರಿಸೆಪ್ಷನ್ ಟಿವೀಲಿ ಹಾಕ್ಸಿದ, 'ನಮ್ಮ ತಂಡದ ಸಾಧನೆ' ಅಂತ. ಥೂ.

ಕೆಲವು ದಿನ ಕಳೆದು ಬಸವರಾಜನ ಗಂಟಲಿನ ಟ್ಯೂಬ್ ತೆಗೆದ್ರು. "ನೀರು ಕೊಡ್ರಿ ಸಿಸ್ಟರ್," ಅಂದ. ಸ್ಪೀಕರಿನಲ್ಲಿ ಕೇಳಿದ್ದ ಅದೇ ದನಿ...

ಧೈರ್ಯ ಮಾಡಿ ಮೆಲ್ಲಗೆ ಕೇಳಿದೆ, "ಅವತ್ತು ನೀವು ಯಾರನ್ನಾದ್ರೂ ಕರೆದ್ರಾ?"

"ಕರದೆನ್ರಿ. ಭಾಳ ಹೊತ್ತು ಕರದೆ." ನೀರಿನ ಲೋಟ ಪಕ್ಕಕ್ಕಿಟ್ಟ. "ನೀವೆಲ್ಲಾ ಒಂದು ಗೊಂಬಿ ಸುತ್ತ ನಿಂತು ನಗಾಕತ್ತಿದ್ರಿ..."

ಅವನು ಆ ಬೇಸ್‌ಮೆಂಟನ್ನ ಒಮ್ಮೆಯೂ ನೋಡಿದವನಲ್ಲ. ಅಲ್ಲಿ ಬೊಂಬೆ ಇತ್ತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅವನ ಅಣ್ಣನ್ನೂ ಕೇಳಿ ನೋಡಿದೆ.

ಈಗ ಡ್ಯೂಟೀಲಿ ಯಾರಾದ್ರೂ ಜೋರಾಗಿ ನಕ್ಕರೆ ನನ್ನಿಂದ ಕೂರೋಕಾಗಲ್ಲ. ಎದ್ದು ಒಂದೊಂದೇ ರೂಮಿನ ಬಾಗಿಲು ತೆಗೆದು ನೋಡ್ತೀನಿ... ಕರೀತಿರೋರೆಲ್ಲರ ದನಿ ನಮಗೆ ಕೇಳಿಸ್ತಿದೆ ಅಂತ ಏನು ಗ್ಯಾರಂಟಿ?