ಲುಬ್ಸಾನನ ಕಂದು ಕುದುರೆಯ ಸೇಡು

ಯೊಂದೋನ್ ಗಂಟಲು ಸರಿಮಾಡಿಕೊಂಡರೆ ಖೆರ್ಲೆನ್ ನದಿಯ ಆಚೆ ದಡದ ತೋಳಗಳು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಗುಳೆ ಹೋಗುತ್ತವೆ ಎಂದು ನಮ್ಮ ಕಡೆ ಪ್ರತೀತಿ. ಒಮ್ಮೆ ಅವನು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಎದೆ ಉಬ್ಬಿಸಿದಾಗ ಪಕ್ಕದ ಕಣಿವೆಯ ಗಬ್ಬದ ಒಂಟೆ ತಿಂಗಳು ಮುಂಚೆಯೇ ಈಯಿತಂತೆ. ಹಾಗೆಂದು ಅವನ ಹೆಂಡತಿಯೇ ಆಣೆಯಿಟ್ಟು ಹೇಳುತ್ತಾಳೆ. ಬೇರೆ ಯಾವ ವಿಷಯಕ್ಕೂ ಅವಳು ಗಂಡನನ್ನು ಹೊಗಳಿದ್ದನ್ನು ನಾನು ಕೇಳಿಲ್ಲ.

ಈ ಗಂಟಲು ದೇವರು ಕೊಟ್ಟದ್ದಲ್ಲ. ಸೇಡಿಗಾಗಿ ಬೆಳೆಸಿದ್ದು.

ನಾವು ಕುದುರೆಗೆ ಹೆಸರಿಡುವವರಲ್ಲ. ಯಜಮಾನನ ಹೆಸರು, ಅದರ ಹಿಂದೆ ಬಣ್ಣ, ಅಷ್ಟೇ. ನಾದಮ್ ಹಬ್ಬದ ಹರದಾರಿಗಟ್ಟಲೆ ಓಟದಲ್ಲಿ ಮೊದಲು ಬಂದ ಕುದುರೆಯ ಮುಂದೆ ಹೊಗಳುಭಟ ನಿಂತು ಇಂಥವನ ಇಂಥ ಬಣ್ಣ ಎಂದು ರಾಗವಾಗಿ ಸಾರುತ್ತಾನೆ. ಆಮೇಲೆ ಕುದುರೆಯ ಬೆನ್ನಿಗೆ ಐರಗ್, ಅಂದರೆ ಹುಳಿಬಂದ ಕುದುರೆ ಹಾಲು, ಸುರಿಯುತ್ತಾರೆ. ಸುರಿದ ಮೇಲೆ ಮತ್ತೆ ಹಾಡುವಂತಿಲ್ಲ. ಹಾಡಿದರೆ ಕುದುರೆಯ ಅದೃಷ್ಟ ಸೀಳಿ ಎರಡಾಗುತ್ತದೆ.

ಮೂವತ್ತೊಂದು ವರ್ಷದ ಹಿಂದೆ ನಮ್ಮ ಹೊಗಳುಭಟ ಶಗ್ದರ್. ಅವನ ಕಂದು ಕುದುರೆಯೂ ಆ ವರ್ಷ ಓಡಿತ್ತು, ಮೂರನೆಯದಾಗಿ ಬಂದಿತ್ತು. ಮೊದಲು ಬಂದದ್ದು ಯೊಂದೋನನ ಅಪ್ಪ ಲುಬ್ಸಾನನ ಕಂದು. ಎರಡನೆಯದು ಇನ್ನೂ ದೂರದಲ್ಲಿ ಧೂಳಿನ ಚುಕ್ಕೆಯಾಗಿದ್ದಾಗಲೇ ಅದು ಬಂದು ನಿಂತು ಹುಲ್ಲು ಮೇಯುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ಶಗ್ದರ್ ಅದರ ಮುಂದೆ ನಿಂತು, ಎದೆ ತುಂಬ ಉಸಿರೆಳೆದು, "ಶಗ್ದರನ ಕಂದು!" ಎಂದು ಹಾಡಿಬಿಟ್ಟ. ಐರಗ್ ಸುರಿದೂ ಆಯಿತು.

"ಎರಡೂ ಕಂದು ತಾನೆ, ನಾಲಿಗೆ ಹೊರಳಿತು," ಎಂದ ಶಗ್ದರ್. ಅಧಿಕಾರಿಗಳು ಬಂದು, "ಲುಬ್ಸಾನಣ್ಣ, ಕಾಗದದಲ್ಲಿ ನಿಮ್ಮ ಹೆಸರೇ ಇದೆ ಬಿಡಿ," ಎಂದು ಸಮಾಧಾನ ಹೇಳಿದರು. ಪದಕ ಲುಬ್ಸಾನನಿಗೇ ಬಂತು. ಆದರೆ ಕಾಗದವನ್ನು ಯಾರು ಹಾಡುತ್ತಾರೆ? ಅಂದಿನಿಂದ ನಾಲ್ಕು ಜನ ಕೂತು ಕುದುರೆಗಳ ಮಾತೆತ್ತಿದರೆ "ಶಗ್ದರನ ಕಂದಿನಂಥದ್ದು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಲ್ಲ" ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಲುಬ್ಸಾನ್ ಮತ್ತೆ ಕುದುರೆ ಪಳಗಿಸಲಿಲ್ಲ.

ಆಗ ಯೊಂದೋನನ ದನಿ ಒಣಗಿದ ತೊಗಲು ಎಳೆದಂತಿತ್ತು. ಅಂಥವನು ಗುಡ್ಡ ಹತ್ತಿ, ಗಾಳಿಗೆ ಎದುರಾಗಿ ನಿಂತು, ಹನ್ನೊಂದು ವರ್ಷ ಕುರಿಗಳಿಗೆ ಹಾಡಿದ. ಕುರಿಗಳು ಬಡಕಲಾದವು, ಗಂಟಲು ಕೊಬ್ಬಿತು. ಶಗ್ದರನ ದನಿ ಮುಪ್ಪಿಗೆ ಒಡೆದಾಗ ಹೊಗಳುಭಟನ ನೀಲಿ ನಿಲುವಂಗಿ ಯೊಂದೋನನ ಮೈಗೇರಿತು.

ಇನ್ನು ಬೇಕಾಗಿದ್ದದ್ದು ಒಂದೇ: ಶಗ್ದರನ ಕುದುರೆ ಮೊದಲು ಬರಬೇಕು. ತನ್ನ ವೈರಿ ಗೆಲ್ಲಲಿ ಎಂದು ಇಷ್ಟು ಭಕ್ತಿಯಿಂದ ಹರಕೆ ಹೊತ್ತವನನ್ನು ನಾನು ಬೇರೆ ಕಂಡಿಲ್ಲ. ಶಗ್ದರನ ಕುದುರೆಗೆ ಕೆಮ್ಮು ಬಂದರೆ ಯೊಂದೋನ್ ಕದ್ದು ಮದ್ದಿನ ಬೇರು ಕಳಿಸುತ್ತಿದ್ದ. ಆದರೂ ಆ ಪ್ರಾಣಿಗಳು ನಾಲ್ಕು, ಐದು, ಎರಡು ಎಂದು ಬಂದು ಅವನ ಹೊಟ್ಟೆ ಉರಿಸುತ್ತಿದ್ದವು.

ಈ ಬೇಸಿಗೆ, ಓಟದ ಹಿಂದಿನ ದಿನ, ಶಗ್ದರನ ಗುಡಾರದಲ್ಲಿ ಎಲ್ಲರೂ ಸೇರಿದ್ದೆವು. ಐರಗ್ ತುಂಬಿದ ಬಟ್ಟಲು ಕೈಯಿಂದ ಕೈಗೆ ಸುತ್ತುತ್ತಿತ್ತು. ಪಟ್ಟಣದಿಂದ ಬಂದ ಲಾರಿ ಚಾಲಕ ಬಾತರ್ ಬಾಯಿ ಬಿಟ್ಟ.

"ಅಮೆರಿಕದಲ್ಲಿ ಒಂದು ಕುದುರೆ ಇತ್ತಂತೆ. ಪ್ರಪಂಚದಲ್ಲೇ ಅದನ್ನ ಮೀರಿಸೋದು ಇಲ್ವಂತೆ. ಓಟ ಎರಡೂವರೆ ನಿಮಿಷ."

"ಅಷ್ಟೇನಾ? ಅಷ್ಟರಲ್ಲಿ ನಮ್ಮದು ಉಚ್ಚೆ ಹೊಯ್ದೂ ಮುಗಿಸಿರಲ್ಲ," ಎಂದ ಶಗ್ದರ್. "ಯಾವ ಕಾಲಕ್ಕೂ ಮೀರಿಸೋಕಾಗದ್ದು ಅಂದ್ರೆ ನನ್ನ ಕಂದು. ಏನಂತೀಯೋ ಯೊಂದೋನ್?"

"ನಮ್ಮಪ್ಪನ ಕಂದು, ಶಗ್ದರಣ್ಣ. ಕಿವಿ ಹಿಂದಕ್ಕೆ ಒರಗಿಸಿ, ಹೊಟ್ಟೆ ನೆಲಕ್ಕೆ ತಾಗೋ ಹಾಗೆ ಓಡೋದು. ಗೊರಸಿನಡಿಯ ಹುಲ್ಲು ಬಾಗ್ತಿರಲಿಲ್ಲ."

"ಹೌದೇನಪ್ಪ? ಅದರ ಹಾಡು ಯಾರಿಗಾದ್ರೂ ಬರುತ್ತಾ? ಎಲ್ಲಿ, ಒಂದು ಸಾಲು ಹಾಡು ನೋಡೋಣ."

ಗುಡಾರ ನಗೆಯಿಂದ ಉಬ್ಬಿತು. ಯೊಂದೋನ್ ಬಟ್ಟಲು ಬರಿದುಮಾಡಿ, "ಈ ವರ್ಷ ಓಡೋ ನಿಮ್ಮ ಹೊಂಬಣ್ಣದ ಕುದುರೆಗೆ ನಾಳೆ ಒಳ್ಳೇದಾಗಲಿ," ಎಂದು ಹರಸಿ ಎದ್ದ. ಅಷ್ಟು ಪ್ರಾಮಾಣಿಕವಾದ ಹಾರೈಕೆಯನ್ನು ಶಗ್ದರ್ ತನ್ನ ಮಕ್ಕಳ ಬಾಯಲ್ಲೂ ಕೇಳಿರಲಾರ.

ಮರುದಿನ ದಿಗಂತದ ಧೂಳಿನಿಂದ ಮೊದಲು ಹೊರಬಿದ್ದದ್ದು ಹೊಂಬಣ್ಣವೇ. ಜನ ಓಡಿಹೋಗಿ ಅದರ ಬೆವರು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಎಪ್ಪತ್ತಾರರ ಶಗ್ದರ್ ಪದಕಗಳನ್ನೆಲ್ಲ ಎದೆಗೆ ಚುಚ್ಚಿಕೊಂಡು, ಮದುಮಗನಂತೆ ಲಗಾಮು ಹಿಡಿದು ನಿಂತ. ಯೊಂದೋನ್ ಗಂಟಲು ಸರಿಮಾಡಿಕೊಂಡ. ಒಂದು. ಎರಡು. ಮೂರು.

"ಹತ್ತು ಸಾವಿರ ಕುದುರೆಗೆ ಒಡೆಯ, ಗಾಳಿಗೆ ಹಿರಿಯಣ್ಣ, ಲುಬ್ಸಾನನ ಹೊಂಬಣ್ಣ!"

ಶಗ್ದರ್ ಬಾಯಿ ತೆರೆಯುವುದರೊಳಗೆ ಯೊಂದೋನ್ ತಾನೇ ಬಟ್ಟಲೆತ್ತಿ ಕುದುರೆಯ ಬೆನ್ನ ಮೇಲೆ ಐರಗ್ ಸುರಿದುಬಿಟ್ಟ. ಒಂದು ಹನಿ ಉಳಿಸಲಿಲ್ಲ.

"ಲೇ! ಕುದುರೆ ನಂದು ಕಣೋ! ಮತ್ತೆ ಹಾಡು!"

"ಹಾಲು ಸುರಿದಾಯ್ತಲ್ಲ ಶಗ್ದರಣ್ಣ. ಪಾಪ, ಕುದುರೆಯ ಅದೃಷ್ಟ ಯಾಕೆ ಸೀಳ್ತೀರಿ?"

"ನಿನ್ನ ಗಂಟಲಿಗೆ ಹುಳ ಬೀಳ!"

"ಬೀಳಲಿ ಬಿಡಿ. ಇವತ್ತಿನ ಕೆಲಸ ಮುಗೀತು."

ಪದಕ ಶಗ್ದರನಿಗೇ ಸಿಕ್ಕಿತು. ಬಹುಮಾನದ ಮೋಟಾರ್‌ಸೈಕಲ್ಲೂ ಸಿಕ್ಕಿತು. ಅದನ್ನು ತಳ್ಳಿಕೊಂಡು ಹೋಗುತ್ತಿದ್ದವನ ಕಿವಿಗೆ ಬೀಳುವಂತೆಯೇ ಹಿಂದಿನಿಂದ ಮಾತು ಬರುತ್ತಿತ್ತು.

"ಲುಬ್ಸಾನನ ಹೊಂಬಣ್ಣ ಏನು ಬಂತು ಮಾರಾಯ!"

"ಲುಬ್ಸಾನ್ ಸತ್ತು ಒಂಬತ್ತು ವರ್ಷ ಆಯ್ತಲ್ಲೋ."

"ಸತ್ತರೇನು, ಕುದುರೆ ಓಡ್ತಲ್ಲ!"

ಅಜ್ಜಿಯೊಬ್ಬಳು ಆಗಲೇ ಆ ಸಾಲನ್ನು ಗುನುಗುತ್ತ ಹಾಲು ಕರೆಯುತ್ತಿದ್ದಳು. ಶಗ್ದರ್ ನಿಂತ. ತಿರುಗಿದ. ಮೋಟಾರ್‌ಸೈಕಲ್ಲಿಗೇ ಒದ್ದ. ಅದು ಹೊಸದು, ಅವನ ಕಾಲು ಹಳೆಯದು, ಕುಂಟುತ್ತ ಹೋದ. ಆ ಕುಂಟು ನಡಿಗೆ ಕಂಡು ನನಗಾದ ಸಂತೋಷವನ್ನು ಬಚ್ಚಿಡುವಷ್ಟು ಒಳ್ಳೆಯವನು ನಾನಲ್ಲ.

ಮನೆ ದಾರಿಯಲ್ಲಿ ಯೊಂದೋನನ ಪಕ್ಕಕ್ಕೆ ನನ್ನ ಕುದುರೆ ತಂದೆ. ಮೂವತ್ತೊಂದು ವರ್ಷ ಒಬ್ಬ ಮನುಷ್ಯನನ್ನು ಹೀಗೆ ಉರಿಸಿದ ಆ ಪ್ರಾಣಿಯ ಬಗ್ಗೆ ಅವನ ಬಾಯಿಂದಲೇ ಕೇಳಬೇಕೆನಿಸಿತು.

"ಯೊಂದೋನ್, ಈಗಲಾದ್ರೂ ಹೇಳೋ. ಆ ದಿನ ನಿಮ್ಮಪ್ಪನ ಕಂದು ಬರೋದನ್ನ ನೋಡಿದಾಗ ನಿನಗೇನನ್ನಿಸ್ತು?"

"ನಾನೆಲ್ಲಿ ನೋಡಿದೆ?" ಎಂದ ಯೊಂದೋನ್. "ಆ ವರ್ಷ ನಾನು ದಂಡಿನಲ್ಲಿದ್ದೆ. ಗಡಿಯಲ್ಲಿ ಆಲೂಗಡ್ಡೆ ಸುಲೀತಿದ್ದೆ."